ಹಲ್ಲಿನ ಸಾಕ್ಷ್ಯ: ಮೃತರ ಗುರುತಿನ ಇತಿಹಾಸದಲ್ಲಿ ದಂತಚಿಕಿತ್ಸೆಯ ಕುರುಹುಗಳು

ಮುಖಚಹರೆ ಅಳಿದುಹೋದ ಶವವು ಯಾರದೆಂದು ನಿರ್ಣಯಿಸುವುದು ಹೇಗೆ? ಬೆಂಕಿಯು ಮಾಂಸವನ್ನು ದಹಿಸಿದರೂ ಹಲ್ಲುಗಳು ಬಹುಮಟ್ಟಿಗೆ ಉಳಿಯುತ್ತವೆ. ವೈದ್ಯನು ಅವುಗಳಲ್ಲಿ ತುಂಬಿದ ಚಿನ್ನವೂ ಉಳಿಯುವುದುಂಟು. ಆದರೆ ಈ ಕುರುಹು ತಾನಾಗಿ ಏನನ್ನೂ ಹೇಳಲಾರದು. ವ್ಯಕ್ತಿಯು ಬದುಕಿದ್ದ ಕಾಲದ ಅರಿವಿನೊಡನೆ ಹೋಲಿಸಿದಾಗಲೇ ಅದು ಸಾಕ್ಷ್ಯವೆನಿಸುತ್ತದೆ. ಆ ಅರಿವು ನೆನಪಿನಿಂದ ದಾಖಲೆಗೆ ಸಾಗಿದ ಬಗೆಯನ್ನು ಮೂರು ಪ್ರಸಂಗಗಳ ಮೂಲಕ ಪರಿಶೀಲಿಸುವುದು ಈ ಲೇಖನದ ಉದ್ದೇಶ.

ಮೊದಲನೆಯದು ನಮ್ಮ ದೇಶದ್ದೇ. ಕ್ರಿ.ಶ. 1194ರ ಸುಮಾರಿನ ಯುದ್ಧದಲ್ಲಿ ಮಡಿದ ಬನಾರಸಿನ ಅರಸನ ಶವವನ್ನು, ಚಿನ್ನದ ತಂತಿಯಿಂದ ಬಿಗಿದ ಹಲ್ಲುಗಳಿಂದ ಗುರುತಿಸಲಾಯಿತೆಂದು ಇತಿಹಾಸಕಾರ ಇಬ್ನ್ ಅಲ್ ಅಥೀರನು ಬರೆದಿದ್ದಾನೆ. ಈ ಅರಸನು ಗಾಹಡವಾಲ ವಂಶದ ಜಯಚಂದ್ರನೆಂದು ವಿದ್ವಾಂಸರು ಗ್ರಹಿಸುತ್ತಾರೆ. ಇಲ್ಲಿ ಆಧಾರವಾದುದು ಬಲ್ಲವರ ನೆನಪು ಮಾತ್ರ.

ಎರಡನೆಯದು ಬಾಸ್ಟನ್ ನಗರದ್ದು. 1849ರ ನವೆಂಬರ್ 23ರಂದು ಜಾರ್ಜ್ ಪಾರ್ಕ್‌ಮನ್ ಎಂಬ ಧನಿಕನು ಕಾಣೆಯಾದನು. ಆತನಿಂದ ಸಾಲ ಪಡೆದಿದ್ದ ರಸಾಯನಶಾಸ್ತ್ರದ ಪ್ರಾಧ್ಯಾಪಕ ಜಾನ್ ವೆಬ್‌ಸ್ಟರನ ಪ್ರಯೋಗಶಾಲೆಯ ಕುಲುಮೆಯಲ್ಲಿ ಕೃತಕ ದಂತಗಳ ತುಣುಕುಗಳು ದೊರೆತವು. ದಂತವೈದ್ಯ ನೇಥನ್ ಕೀಪನು ಅವು 1846ರಲ್ಲಿ ತಾನೇ ಪಾರ್ಕ್‌ಮನ್ನನಿಗೆ ಮಾಡಿಕೊಟ್ಟವೆಂದು ಸಾಕ್ಷ್ಯ ನುಡಿದನು; ಪಾರ್ಕ್‌ಮನ್ನನ ದವಡೆಯಿಂದ ತೆಗೆದಿರಿಸಿದ್ದ ಅಚ್ಚನ್ನೂ ನ್ಯಾಯಾಲಯದ ಮುಂದಿಟ್ಟನು. ಪ್ರತಿವಾದಿಯ ಪರವಾಗಿ ಬಂದ ವಿಲಿಯಂ ಮಾರ್ಟನ್ನನು, ಆ ದಂತಗಳಲ್ಲಿ ಅಂಥ ವಿಶೇಷವೇನೂ ಇಲ್ಲವೆಂದನು. ಒಬ್ಬನ ಪ್ರಾಣವು ಪಣಕ್ಕಿದ್ದಾಗ ಈ ಸಂದೇಹವು ಅನುಚಿತವೆನ್ನಲಾಗದು. ಬರಿಯ ನೆನಪೇ ಆಧಾರವಾಗಿದ್ದರೆ ಅದನ್ನು ನಿವಾರಿಸುವುದು ಕಷ್ಟವಾಗುತ್ತಿತ್ತು. ಅಚ್ಚಾದರೋ ಎಲ್ಲರ ಕಣ್ಣಿಗೂ ಕಾಣುವಂಥದು. ವೆಬ್‌ಸ್ಟರನು ಅಪರಾಧಿಯೆಂದು ತೀರ್ಮಾನವಾಯಿತು. ಬಳಿಕ ಆತನೇ ಕೊಲೆಯನ್ನು ಒಪ್ಪಿಕೊಂಡನು. 1850ರ ಆಗಸ್ಟ್ 30ರಂದು ಆತನನ್ನು ಗಲ್ಲಿಗೇರಿಸಲಾಯಿತು.

ಮೂರನೆಯದು ಪ್ಯಾರಿಸ್ಸಿನದು. 1897ರ ಮೇ 4ರಂದು ಅಲ್ಲಿನ ಧರ್ಮಾರ್ಥ ಮಾರಾಟಮೇಳವೊಂದರಲ್ಲಿ ಚಲನಚಿತ್ರ ಯಂತ್ರದ ಈಥರ್ ದೀಪದಿಂದ ಬೆಂಕಿ ಹತ್ತಿ ನೂರಕ್ಕೂ ಹೆಚ್ಚು ಮಂದಿ ಮಡಿದರು. ಕರಿಕಾದ ದೇಹಗಳನ್ನು ಬಂಧುಗಳೂ ಗುರುತಿಸಲಾರದೆ ಹೋದಾಗ, ಮೃತರ ದಂತವೈದ್ಯರನ್ನು ಕರೆಸಬೇಕೆಂದು ಪರಾಗ್ವೆಯ ಕಾನ್ಸಲ್ ಸೂಚಿಸಿದನು. ಅಲಾನ್ಸೋನ್ ಡಚೆಸ್ಸಳ ದೇಹವನ್ನು ಆಕೆಯ ದಂತವೈದ್ಯನೇ ಗುರುತಿಸಿದನು. ಈ ಅನುಭವಗಳನ್ನು ಆಧರಿಸಿ ಆಸ್ಕರ್ ಅಮೊಯೆಡೊ 1898ರಲ್ಲಿ ನ್ಯಾಯವೈದ್ಯದಲ್ಲಿ ದಂತವಿದ್ಯೆಯ ಪಾತ್ರವನ್ನು ಕುರಿತು ಗ್ರಂಥವನ್ನು ರಚಿಸಿದನು.

ನೆನಪು, ಅಚ್ಚು, ಲಿಖಿತ ಪಟ್ಟಿ. ಇಂದು ಇವುಗಳೊಡನೆ ಕ್ಷ-ಕಿರಣ ಚಿತ್ರವೂ ಸೇರಿದೆ. ಬಾಸ್ಟನ್ನಿನಲ್ಲಿ ಈ ವಿದ್ಯೆ ಅಪರಾಧವನ್ನು ಸಿದ್ಧಪಡಿಸಿತು. ಪ್ಯಾರಿಸ್ಸಿನಲ್ಲಿ ಮೃತರನ್ನು ಅವರ ಮನೆಯವರಿಗೆ ಮರಳಿಸಿತು. ಎಂದೂ ದಂತವೈದ್ಯನ ಬಳಿಗೆ ಹೋಗದವನಿಗಾಗಲಿ, ದಾಖಲೆಯನ್ನು ಕಾಪಾಡದ ವೈದ್ಯನ ರೋಗಿಗಾಗಲಿ ಈ ನೆರವು ದೊರೆಯುವುದು ದುರ್ಲಭ. ಆದುದರಿಂದ ಚಿಕಿತ್ಸಾಲಯದ ಸಾಮಾನ್ಯ ದಾಖಲೆಪುಟವೂ ಒಮ್ಮೊಮ್ಮೆ ಒಬ್ಬನ ಹೆಸರನ್ನು ಉಳಿಸುವ ಏಕಮಾತ್ರ ಸಾಧನವಾಗಬಲ್ಲದು.