ಹಿಂದಿರುಗಿ ನೋಡಿದ ಆರ್ಫಿಯಸ್

ಗ್ರೀಕರ ಪ್ರಣಯಕಥೆಗಳಲ್ಲಿ ಆರ್ಫಿಯಸ್ ಮತ್ತು ಯೂರಿಡಿಸಿಯರ ಕಥೆಯಷ್ಟು ಬಗೆಬಗೆಯಾಗಿ ಮರುಹುಟ್ಟು ಪಡೆದವು ವಿರಳ. ಕಥೆಯೇನೋ ಪುಟ್ಟದು. ಹಾವು ಕಚ್ಚಿ ಸತ್ತ ನವವಧುವನ್ನರಸಿ ಗಾಯಕನಾದ ಗಂಡ ಪಾತಾಳಕ್ಕಿಳಿಯುತ್ತಾನೆ. ಅವನ ಗಾನಕ್ಕೆ ಮೃತ್ಯುಲೋಕದ ಅರಸ ಕರಗುತ್ತಾನೆ. ಕರೆದೊಯ್ಯಬಹುದು, ಆದರೆ ಭೂಮಿಯ ಬೆಳಕನ್ನು ಮುಟ್ಟುವವರೆಗೆ ಹಿಂದಿರುಗಿ ನೋಡಬಾರದು ಎಂಬುದು ನಿಬಂಧನೆ. ಇನ್ನೇನು ಬೆಳಕು ಬಂತು ಎನ್ನುವಾಗ ಆತ ನೋಡಿಬಿಡುತ್ತಾನೆ. ಆಕೆ ಮರಳಿ ಕತ್ತಲೆಗೆ ಸರಿದುಹೋಗುತ್ತಾಳೆ.

ನಮ್ಮ ಆದಿಪರ್ವದಲ್ಲಿಯೂ ಹಾವು ಕಚ್ಚಿ ಮಡಿದ ಪ್ರಮದ್ವರೆಯಿದ್ದಾಳೆ. ರುರು ತನ್ನ ಆಯುಷ್ಯದ ಅರ್ಧವನ್ನಿತ್ತು ಆಕೆಯನ್ನು ಪಡೆದುಕೊಂಡ. ಆರ್ಫಿಯಸ್ ಕೊಟ್ಟದ್ದು ಹಾಡನ್ನು ಮಾತ್ರ. ಪ್ಲೇಟೋವಿನ 'ಸಿಂಪೋಸಿಯಂ'ನಲ್ಲಿ ಫೀಡ್ರಸ್ ಎಂಬಾತ ಇದನ್ನೇ ಹಿಡಿದು ಮೂದಲಿಸುತ್ತಾನೆ: ಪ್ರೇಮಕ್ಕಾಗಿ ಸಾಯುವ ಎದೆಗಾರಿಕೆಯಿಲ್ಲದ ಈ ತಂತಿವಾದ್ಯದವನಿಗೆ ದೇವತೆಗಳು ಹೆಂಡತಿಯ ಛಾಯೆಯನ್ನಷ್ಟೇ ತೋರಿಸಿ ಕಳುಹಿಸಿದರಂತೆ! ಗ್ರೀಕರೆಲ್ಲರೂ ಈ ಪ್ರೇಮಿಯನ್ನು ತಲೆಯ ಮೇಲೆ ಹೊತ್ತು ಮೆರೆಸಲಿಲ್ಲವೆಂಬುದು ಗಮನಾರ್ಹ.

ಆ ಹಿನ್ನೋಟದ ಗಳಿಗೆ ನಮಗೆ ಸಾಂಗವಾಗಿ ದೊರೆಯುವುದು ರೋಮಿನ ಕವಿಗಳಲ್ಲಿ. ಕ್ರಿ.ಪೂ. 29ರ ಸುಮಾರಿಗೆ ವರ್ಜಿಲ್ ಅದನ್ನು ಹಠಾತ್ತನೆ ಕವಿದ ಉನ್ಮಾದವೆಂದ. ಅವನ ಯೂರಿಡಿಸಿ ಗಂಡನನ್ನು ಆಕ್ಷೇಪಿಸಿಯೇ ಮರೆಯಾಗುತ್ತಾಳೆ. ಒಂದು ತಲೆಮಾರು ಕಳೆದು ಬಂದ ಓವಿಡ್ ಆಕೆಯ ಬಾಯಿಂದ ದೂರನ್ನು ತೆಗೆದುಹಾಕಿದ. ಅವನ ಅಪರಾಧ ತನ್ನನ್ನು ಪ್ರೀತಿಸಿದ್ದಷ್ಟೇ ತಾನೆ? ಕೇಳಲು ಇದು ಬಹಳ ಮಧುರ. ಆದರೆ ಆಕೆಯ ಮೌನ ಮೊದಲಾದದ್ದೂ ಇಲ್ಲಿಂದಲೇ ಎಂದು ನನಗನ್ನಿಸುತ್ತದೆ.

ಮುಂದೆ ಅರಮನೆಗಳ ಕಾಲ ಬಂತು. 1600ರಲ್ಲಿ ಫ್ಲಾರೆನ್ಸಿನಲ್ಲಿ ಫ್ರಾನ್ಸಿನ ದೊರೆಯೊಡನೆ ಮರಿಯಾ ದೆ ಮೆಡಿಚಿಯ ಮದುವೆ. ಅಲ್ಲಿ ಆಡಿದ ಪೆರಿಯ ಸಂಗೀತನಾಟಕದಲ್ಲಿ ನಿಬಂಧನೆಯೇ ಇಲ್ಲ. ಗಂಡಹೆಂಡಿರು ಸುಖವಾಗಿ ಊರಿಗೆ ಬರುತ್ತಾರೆ. ಮದುವೆಯ ಮನೆಯಲ್ಲಿ ಸಾವನ್ನು ಹಾಡುವವರಾರು? 1762ರಲ್ಲಿ ವಿಯೆನ್ನಾದಲ್ಲಿ ಗ್ಲುಕ್ ನಿಬಂಧನೆಯನ್ನು ಇನ್ನಷ್ಟು ಬಿಗಿಮಾಡಿದ: ನೋಡಕೂಡದು, ಕಾರಣವನ್ನೂ ಹೇಳಕೂಡದು. ಮುಖ ತಿರುಗಿಸಿ ನಡೆಯುವ ಗಂಡನಲ್ಲಿ ಪ್ರೀತಿ ಬತ್ತಿತೆಂದು ಯೂರಿಡಿಸಿ ಹಲುಬುತ್ತಾಳೆ. ಆತ ತಾಳಲಾರದೆ ತಿರುಗುತ್ತಾನೆ. ಇಷ್ಟನ್ನು ಸಾಧಿಸಿದ ಮೇಲೆ ಕೊನೆಯಲ್ಲಿ ಮನ್ಮಥನನ್ನು ಕರೆತಂದು ಆಕೆಯನ್ನು ಬದುಕಿಸಿದ್ದು ಪ್ರೇಕ್ಷಕರ ಮೇಲಿನ ಅಪನಂಬಿಕೆಯಲ್ಲದೆ ಮತ್ತೇನು? 1858ರಲ್ಲಿ ಪ್ಯಾರಿಸಿನ ಆಫೆನ್‌ಬಾಕ್ ಎಲ್ಲವನ್ನೂ ನಗೆಗೀಡುಮಾಡಿದ. ಅವನ ಯೂರಿಡಿಸಿಗೆ ಗಂಡನ ಪಿಟೀಲು ಕೇಳಿದರೇ ತಲೆನೋವು.

ನನ್ನ ಮನಸ್ಸನ್ನು ಹೆಚ್ಚು ಸೆಳೆದ ಪುನಃಕಥನ ಬ್ರೆಜಿಲಿನಿಂದ ಬಂದದ್ದು. ವಿನಿಸಿಯಸ್ ದೆ ಮೊರೈಸ್‌ನ ನಾಟಕವನ್ನಾಧರಿಸಿ ಮಾರ್ಸೆಲ್ ಕಮು 1959ರಲ್ಲಿ 'ಕಪ್ಪು ಆರ್ಫಿಯಸ್' ಚಿತ್ರವನ್ನು ತೆಗೆದ. ರಿಯೊ ನಗರದ ಉತ್ಸವದ ದಿನಗಳು. ನಾಯಕ ಟ್ರಾಮ್ ನಡೆಸುವವನು. ಮೃತ್ಯುವೇಷಧಾರಿಯೊಬ್ಬನಿಗೆ ಬೆದರಿ ಓಡುವ ಯೂರಿಡಿಸಿ ಟ್ರಾಮಿನ ತಂತಿಗೆ ಜೋತುಬೀಳುತ್ತಾಳೆ. ವಿದ್ಯುತ್ತಿನ ಗುಂಡಿ ಒತ್ತುವವನು ಆರ್ಫಿಯಸನೇ. ಅವನ ಪಾತಾಳವಾದರೋ ಕಾಣೆಯಾದವರ ಕಚೇರಿ. ಅಲ್ಲಿ ಕಾಗದಗಳ ರಾಶಿಯಲ್ಲದೆ ಮನುಷ್ಯರಿಲ್ಲ. ಕೊನೆಗೆ ಬಡವರ ಪೂಜೆಯೊಂದರಲ್ಲಿ ಬೆನ್ನ ಹಿಂದೆ ಆಕೆಯ ದನಿ ಕೇಳುತ್ತದೆ. ತಿರುಗಿ ನೋಡಿದರೆ ಮೈಮೇಲೆ ಆವೇಶ ಬಂದ ಮುದುಕಿ! ಪುರಾಣವನ್ನು ಇಂದಿನ ಬೀದಿಗೆ ತರುವುದೆಂದರೆ ಹೀಗೆ. ಹೆಸರುಗಳನ್ನು ಉಳಿಸಿಕೊಂಡು ಉಡುಪನ್ನಷ್ಟೇ ಬದಲಿಸಿದರೆ ಸಾಲದು. ಹಳೆಯ ನಿಬಂಧನೆಗೆ ಹೊಸ ನೆಲದಲ್ಲಿ ಒಂದು ಕಾರಣ ಹುಟ್ಟಬೇಕು.

ಯೂರಿಡಿಸಿಗೆ ಮಾತು ಮರಳಿ ಬಂದದ್ದು ಇದಕ್ಕೂ ಮೊದಲು, 1917ರಲ್ಲಿ, ಅಮೆರಿಕದ ಕವಯಿತ್ರಿ ಹಿಲ್ಡಾ ಡೂಲಿಟ್ಲಳ ಕವಿತೆಯೊಂದರಲ್ಲಿ. ಅಲ್ಲಿ ಗಂಡನ ಹಿನ್ನೋಟ ಪ್ರೇಮವಲ್ಲ, ದರ್ಪ. ಕತ್ತಲೆಗೆ ಹೊಂದಿಕೊಂಡು ಎಲ್ಲವನ್ನೂ ಮರೆಯುತ್ತಿದ್ದವಳನ್ನು ಎಬ್ಬಿಸಿ, ಬೆಳಕಿನ ಅಂಚಿನವರೆಗೆ ನಡೆಸಿ, ಮತ್ತೆ ತಳ್ಳಿದೆಯಲ್ಲ ಎಂದು ಆಕೆ ಕೇಳುತ್ತಾಳೆ. ಓವಿಡ್ ಕಸಿದುಕೊಂಡಿದ್ದ ದೂರು ಅದೇ. ಆದರೆ ಆಕೆ ಅಷ್ಟಕ್ಕೇ ನಿಲ್ಲುವುದಿಲ್ಲ: ಆ ಕತ್ತಲೆಯಲ್ಲಿ ತನ್ನದೇ ಆದ ಬೆಳಕೊಂದಿದೆ, ಅದನ್ನು ಯಾವ ದೇವರೂ ಕಿತ್ತುಕೊಳ್ಳಲಾರ ಎನ್ನುತ್ತಾಳೆ.