ಹಸುವಿನ ಫಾಲಿಕಲ್ ಬೆಳವಣಿಗೆ ಮತ್ತು ಅಂಡಾಣು ಸಂಗ್ರಹ

ಹಸುವಿನ ಅಂಡಾಶಯದಲ್ಲಿ ಅಂಡಾಣುವನ್ನು ಹೊತ್ತ, ದ್ರವ ತುಂಬಿದ ಗುಳ್ಳೆಗೆ ಫಾಲಿಕಲ್ ಎಂದು ಹೆಸರು. ಸುಮಾರು 21 ದಿನಗಳ ಬೆದೆಚಕ್ರದಲ್ಲಿ ಇವು ಸಾಮಾನ್ಯವಾಗಿ ಎರಡು ಅಥವಾ ಮೂರು ಅಲೆಗಳಲ್ಲಿ ಬೆಳೆಯುತ್ತವೆ. ಪ್ರತಿ ಅಲೆಯನ್ನೂ ಎಫ್‌ಎಸ್‌ಎಚ್ ಹಾರ್ಮೋನಿನ ಏರಿಕೆ ಆರಂಭಿಸುತ್ತದೆ. ಒಟ್ಟಿಗೆ ಬೆಳೆಯತೊಡಗಿದ ಫಾಲಿಕಲ್‌ಗಳಲ್ಲಿ ಸಾಮಾನ್ಯವಾಗಿ ಒಂದು ಮಾತ್ರ ಸುಮಾರು 8 ಮಿ.ಮೀ. ದಾಟಿ ಮೇಲುಗೈ ಪಡೆಯುತ್ತದೆ, ಉಳಿದವು ನಶಿಸುತ್ತವೆ. ಪ್ರೊಜೆಸ್ಟರಾನ್ ಇಳಿದಾಗ ಕೊನೆಯ ಅಲೆಯ ಪ್ರಬಲ ಫಾಲಿಕಲ್ ಎಲ್‌ಎಚ್ ಹಾರ್ಮೋನಿನ ಉಬ್ಬರದಿಂದ ಒಡೆದು ಅಂಡಾಣುವನ್ನು ಬಿಡುತ್ತದೆ.

ಹೀಗೆ ನಶಿಸಿಹೋಗುವ ಅಂಡಾಣುಗಳನ್ನೂ ಬಳಸಿಕೊಳ್ಳುವ ವಿಧಾನವೇ ಅಂಡಾಣು ಸಂಗ್ರಹ. ನೆದರ್ಲೆಂಡ್ಸ್‌ನ ಸಂಶೋಧಕರು ಇದನ್ನು 1980ರ ದಶಕದ ಕೊನೆಯಲ್ಲಿ ರೂಪಿಸಿದರು. ಬಾಲದ ಬುಡದಲ್ಲಿ ಅರಿವಳಿಕೆ ಚುಚ್ಚಿದ ಪಶುವೈದ್ಯರು ಒಂದು ಕೈಯನ್ನು ಗುದದ್ವಾರದ ಮೂಲಕ ಒಳಗಿಟ್ಟು ಅಂಡಾಶಯವನ್ನು ಹಿಡಿಯುತ್ತಾರೆ; ಯೋನಿಯೊಳಗಿನ ಅಲ್ಟ್ರಾಸೌಂಡ್ ತೋರುವ ಚಿತ್ರ ನೋಡುತ್ತ ಫಾಲಿಕಲ್‌ಗಳಿಗೆ ಸೂಜಿ ಚುಚ್ಚಿ, ನಿರ್ವಾತ ಪಂಪಿನಿಂದ ದ್ರವವನ್ನು ಹೀರುತ್ತಾರೆ. ವಾರಕ್ಕೊಂದೆರಡು ಬಾರಿ ಇದನ್ನು ಮಾಡಬಹುದು. ಅಂಡಾಣುಗಳನ್ನು ಸುಮಾರು ಒಂದು ದಿನ ಪಕ್ವಗೊಳಿಸಿ, ವೀರ್ಯದೊಡನೆ ಫಲೀಕರಿಸಿ, ಏಳು ದಿನ ಬೆಳೆಸಿದ ಭ್ರೂಣವನ್ನು ಬಾಡಿಗೆ ತಾಯಿಯ ಗರ್ಭಾಶಯಕ್ಕೆ ಸೇರಿಸುತ್ತಾರೆ.

ಗೀರ್‌ನಂತಹ ಡುಬ್ಬದ ತಳಿಗಳಲ್ಲಿ ಪ್ರತಿ ಅಲೆಗೆ ಹೆಚ್ಚು ಫಾಲಿಕಲ್‌ಗಳಿರುವುದರಿಂದ ಸಾಮಾನ್ಯವಾಗಿ ಹೆಚ್ಚು ಅಂಡಾಣುಗಳು ಸಿಗುತ್ತವೆ. ಭಾರತದಲ್ಲಿ ರಾಷ್ಟ್ರೀಯ ಗೋಕುಲ್ ಮಿಷನ್ ಈ ತಂತ್ರಕ್ಕೆ ನೆರವು ನೀಡುತ್ತಿದೆ.