ಕೆಂಪೇಗೌಡ ರಸ್ತೆಯ ಚಿತ್ರಮಂದಿರಗಳು, ಬೆಂಗಳೂರು

ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನ’ 1934ರ ಮಾರ್ಚ್ 3ರಂದು ತೆರೆಕಂಡದ್ದು ಸಿಟಿ ಮಾರ್ಕೆಟ್ ಬಳಿಯ ಪ್ಯಾರಾಮೌಂಟ್‌ನಲ್ಲಿ, ಅಂದರೆ ಹಿಂದಿನ ದೊಡ್ಡಣ್ಣ ಹಾಲ್‌ನಲ್ಲಿ. ಚಿತ್ರೀಕರಣ ಮೊದಲು ಶುರುವಾದದ್ದು ‘ಭಕ್ತ ಧ್ರುವ’ದ್ದಾದ್ದರಿಂದ ಮೊದಲ ಸ್ಥಾನ ಯಾವುದಕ್ಕೆ ಎಂಬ ಗೊಂದಲ ಕೆಲವು ಬರಹಗಳಲ್ಲಿ ಉಳಿದಿದೆ, ಪ್ರದರ್ಶನದ ಇತಿಹಾಸಕ್ಕೆ ಬಿಡುಗಡೆಯ ದಿನವೇ ಮುಖ್ಯ. ದಂಡು ಪ್ರದೇಶದಲ್ಲಿ 1936ರ ಪ್ಲಾಜಾದಂಥ ಮಂದಿರಗಳು ಇಂಗ್ಲಿಷ್ ಚಿತ್ರಗಳನ್ನು ನೆಚ್ಚಿಕೊಂಡವು. ಕನ್ನಡ ಚಿತ್ರದ ನೆಲೆ ಬರಬರುತ್ತಾ ಕೆಂಪೇಗೌಡ ರಸ್ತೆಗೆ ಸರಿಯಿತು. ಕಾರಣ ಸರಳ: ರೈಲು ನಿಲ್ದಾಣವೂ ಬಸ್ ನಿಲ್ದಾಣವೂ ಕೂಗಳತೆಯಲ್ಲಿದ್ದವು, ಹಂಚಿಕೆದಾರರ ಕಚೇರಿಗಳು ಪಕ್ಕದ ಗಾಂಧಿನಗರದಲ್ಲಿದ್ದವು. ಮೆಜೆಸ್ಟಿಕ್ ಚಿತ್ರಮಂದಿರದ ಹೆಸರು ಇಡೀ ಬಡಾವಣೆಗೇ ಅಂಟಿಕೊಂಡಿತು.

ಈ ರಸ್ತೆ ಮೇಲೆ ಬಂದದ್ದನ್ನು ತಾರೆಯರ ಕೀರ್ತಿಯಿಂದಷ್ಟೇ ವಿವರಿಸುವುದು ಸಾಲದು. ಅದರ ಬಲ ಇದ್ದದ್ದು ಪ್ರಿಂಟುಗಳ ಕೊರತೆಯಲ್ಲಿ. ಕೆಲವೇ ಪ್ರಿಂಟು ತೆಗೆಯುತ್ತಿದ್ದ ಕಾಲದಲ್ಲಿ ಚಿತ್ರ ಮೊದಲು ಇಲ್ಲಿನ ‘ಮೇನ್ ಥಿಯೇಟರ್’ಗೆ ಬರುತ್ತಿತ್ತು; ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ಸರದಿ ಆಮೇಲೆ. ಶತದಿನೋತ್ಸವದ ಲೆಕ್ಕ ಹಿಡಿಯುತ್ತಿದ್ದದ್ದೂ ಮೇನ್ ಥಿಯೇಟರ್‌ನಿಂದಲೇ. ಆ ಕೊಬ್ಬರಿ ಸೀಮೆಯಿಂದ ಕೆಲಸಕ್ಕೆಂದು ಬೆಂಗಳೂರಿಗೆ ಬಂದವರು ಇಳಿದ ಜಾಗದಲ್ಲೇ ಹೊಸ ಚಿತ್ರ ನೋಡಿಕೊಂಡು ಊರಿಗೆ ಮರಳಬಹುದಿತ್ತು. 1972ರ ‘ಬಂಗಾರದ ಮನುಷ್ಯ’ ಸ್ಟೇಟ್ಸ್‌ನಲ್ಲಿ (ಮುಂದೆ ಭೂಮಿಕಾ) ಅಷ್ಟು ದೀರ್ಘಕಾಲ ಓಡಿದ್ದರಲ್ಲಿ ಈ ಹೋಗಿಬರುವ ಜನರ ಪಾಲೂ ಇದೆ.

ಈ ಮಂದಿರಗಳ ಅವನತಿಗೆ ಟಿವಿಯೇ ಕಾರಣ ಎಂಬ ಪ್ರಚಲಿತ ವಾದ ಕಾಲಕ್ರಮಕ್ಕೆ ಹೊಂದುವುದಿಲ್ಲ. ಬೆಂಗಳೂರು ದೂರದರ್ಶನ ಆರಂಭವಾದದ್ದು 1981ರಲ್ಲಿ; 1968ರ ಕಪಾಲಿ ಚಿತ್ರಮಂದಿರ ನೆಲಸಮವಾದದ್ದು 2017ರಲ್ಲಿ. ಟಿವಿ ಹಳೆಯ ಚಿತ್ರಗಳ ಮರುಪ್ರದರ್ಶನಕ್ಕೆ ಪೆಟ್ಟು ಕೊಟ್ಟಿತೆಂಬುದನ್ನು ಒಪ್ಪಬಹುದು, ಹೊಸ ಚಿತ್ರಕ್ಕೆ ಅದು ಬದಲಿಯಾಗಲಿಲ್ಲ. ಮಲ್ಟಿಪ್ಲೆಕ್ಸ್‌ಗಳತ್ತ ಬೆರಳು ತೋರುವವರೂ ಇದ್ದಾರೆ. ಕೋರಮಂಗಲದಲ್ಲಿ 2004ರಲ್ಲಿ ಹನ್ನೊಂದು ತೆರೆಗಳ ಪಿವಿಆರ್ ಬಂತು ನಿಜ; ಆದರೆ 2006ರ ‘ಮುಂಗಾರು ಮಳೆ’ ಅಲ್ಲಿ ವರ್ಷಕ್ಕೂ ಹೆಚ್ಚು ಕಾಲ ಓಡಿದಾಗ ಕೆಂಪೇಗೌಡ ರಸ್ತೆಯ ಸಾಗರ್ ಕೂಡ ತುಂಬುತ್ತಿತ್ತು.

ನಿಜವಾದ ತಿರುವು ಡಿಜಿಟಲ್ ಪ್ರದರ್ಶನ. ಉಪಗ್ರಹದ ಮೂಲಕ ಚಿತ್ರ ಒಂದೇ ಶುಕ್ರವಾರ ರಾಜ್ಯದ ಎಲ್ಲ ಊರುಗಳನ್ನೂ ತಲುಪತೊಡಗಿದ ಮೇಲೆ ಮೇನ್ ಥಿಯೇಟರ್‌ಗೆ ಹೆಸರು ಉಳಿಯಿತೇ ಹೊರತು ಮೊದಲ ನೋಟದ ಏಕಸ್ವಾಮ್ಯ ಉಳಿಯಲಿಲ್ಲ. ಗಳಿಕೆ ಮೊದಲ ವಾರಾಂತ್ಯದಲ್ಲೇ ಮುಗಿಯುವಾಗ ಸಾವಿರಕ್ಕೂ ಹೆಚ್ಚು ಆಸನಗಳ ಮಂದಿರ ಉಳಿದ ದಿನಗಳಲ್ಲಿ ಖಾಲಿ ಹೊಡೆಯುತ್ತದೆ. ಕರ್ನಾಟಕದ ಏಕತೆರೆ ಮಂದಿರಗಳಲ್ಲಿ ರೂಢಿಯಲ್ಲಿದ್ದ ವಾರದ ಬಾಡಿಗೆ ಪದ್ಧತಿ ಇದನ್ನು ಇನ್ನಷ್ಟು ಬಿಗಡಾಯಿಸಿತು: ಜನ ಬರಲಿ ಬಿಡಲಿ, ನಿರ್ಮಾಪಕ ಬಾಡಿಗೆ ಕಟ್ಟಬೇಕು. ಶೇಕಡಾವಾರು ಹಂಚಿಕೆಯ ಬೇಡಿಕೆ ಹುಟ್ಟಿದ್ದು ಇದರಿಂದಲೇ. ಆ ವೇಳೆಗೆ ನಗರದ ನಡುವಿನ ನೆಲದ ಬೆಲೆ ಮಾಲೀಕರಿಗೆ ಬೇರೆಯೇ ಲೆಕ್ಕ ತೋರಿಸುತ್ತಿತ್ತು. ಸಾಗರ್ ಇದ್ದಲ್ಲಿ ಈಗ ಬಟ್ಟೆ ಮಳಿಗೆಯಿದೆ. ಪ್ಲಾಜಾದ ಕತೆಯನ್ನು ಈ ಸಾಲಿಗೆ ಸೇರಿಸಲಾಗದು, ಅದರ ಜಾಗ ಹೋದದ್ದು ಮೆಟ್ರೊ ನಿಲ್ದಾಣಕ್ಕೆ.